ಅಂದ ಯಾರಿಗೆ, ಆಘಾತ ಯಾರಿಗೆ?

ಕಳೆದ ಸಂಕ್ರಾಂತಿಗೆ ವಿಜಯವಾಡದಿಂದ ವಿಶಾಖಪಟ್ಟಣಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ತನ್ನ ಕಾರಿನಲ್ಲಿ ನಮ್ಮನ್ನು ಸಿಂಹಾಚಲಕ್ಕೆ ಕರೆದೊಯ್ದ. ಕಾರು ನೆಲಕ್ಕೆ ಅಂಟಿದಂತಿತ್ತು. ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವಿನ ಖಾಲಿ ಜಾಗ ಚೆನ್ನಾಗಿ ಕಾಣುವುದಿಲ್ಲವೆಂದು ಸ್ಪ್ರಿಂಗುಗಳನ್ನು ಕತ್ತರಿಸಿ ತಗ್ಗಿಸಿದ್ದನಂತೆ. ಬೀಚ್ ರಸ್ತೆಯಲ್ಲಿ ಹುಡುಗರು ತಿರುಗಿ ನೋಡಿದ್ದೇನೋ ನಿಜ. ಆದರೆ ಉಬ್ಬು ಬಂದಾಗಲೆಲ್ಲ ತಳ ಕರಕರನೆ ಉಜ್ಜುತ್ತಿತ್ತು. ಸೊಂಟನೋವಿನ ಅಕ್ಕ ಹಿಂದಿನ ಸೀಟಿನಲ್ಲಿ ಸೆರಗನ್ನು ಬಾಯಿಗಿಟ್ಟುಕೊಂಡು ಕುಳಿತಿದ್ದಳು.

ದರ್ಶನ ಮುಗಿದ ಮೇಲೆ ಮೆಲ್ಲಗೆ ಮಾತೆತ್ತಿದೆ. "ಕಾರು ನನ್ನದು, ಕಂತು ಕಟ್ಟುವವನೂ ನಾನು. ಚೆಂದಕ್ಕೆಂದು ಮಾಡಿಸಿಕೊಂಡರೆ ತಪ್ಪೇನು ಮಾವ?" ಎಂದ.

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಂದವನ್ನು ಬಯಸುವುದು ದೋಷವಾಗಿದ್ದರೆ ನಮ್ಮ ಮನೆಯ ಹೆಂಗಸರು ಬೆಳಗೆದ್ದು ಬಾಗಿಲಿಗೆ ರಂಗವಲ್ಲಿ ಇಡುತ್ತಿರಲಿಲ್ಲ. ತಗ್ಗಾದ ವಾಹನ ತಿರುವಿನಲ್ಲಿ ಕಡಿಮೆ ವಾಲುತ್ತದೆಂಬುದೂ ಸತ್ಯವೇ. ಪಂದ್ಯದ ಕಾರುಗಳು ತಗ್ಗಾಗಿರುವುದು ಅದಕ್ಕೇ. ಆದರೆ ಅವು ಓಡುವುದು ನಯವಾದ ಪಥದಲ್ಲಿ, ಚಾಲಕನೊಬ್ಬನನ್ನೇ ಹೊತ್ತು.

ಬಿ.ಎಸ್ಸಿ.ಯಲ್ಲಿ ಓದಿದ ಭೌತಶಾಸ್ತ್ರ ಇಲ್ಲಿ ನೆನಪಿಗೆ ಬರುತ್ತದೆ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಎರಡು ಸುತ್ತು ಕತ್ತರಿಸಿದರೆ ಉಳಿದದ್ದು ಕುಳ್ಳಾಗುವುದಷ್ಟೇ ಅಲ್ಲ, ಒಂದೂವರೆ ಪಟ್ಟು ಬಿರುಸೂ ಆಗುತ್ತದೆ. ರಸ್ತೆಯ ಪೆಟ್ಟನ್ನು ತಾನು ನುಂಗದೆ ಮೇಲೆ ಕುಳಿತವರಿಗೆ ದಾಟಿಸುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂಚನೆಯಂತೆ ರಸ್ತೆಯುಬ್ಬಿನ ಎತ್ತರ 10 ಸೆಂ.ಮೀ. ತಳ 17 ಸೆಂ.ಮೀ. ಎತ್ತರದಲ್ಲಿರುವ ಕಾರನ್ನು 5 ಸೆಂ.ಮೀ. ತಗ್ಗಿಸಿದರೆ ಉಳಿಯುವುದು 12. ಒಬ್ಬನೇ ಕುಳಿತರೆ ಹೇಗೋ ದಾಟೀತು; ಮನೆಮಂದಿಯೆಲ್ಲ ಹತ್ತಿದರೆ ಭಾರಕ್ಕೆ ಇನ್ನಷ್ಟು ಕುಸಿಯುತ್ತದೆ.

ಪ್ರಶ್ನೆಯ ತಿರುಳು ಇಲ್ಲಿದೆ. ಅಂದಕ್ಕಾಗಿ ಮೂಗು ಚುಚ್ಚಿಸಿಕೊಳ್ಳುವ ಹೆಣ್ಣು ನೋವನ್ನೂ ತಾನೇ ತಿನ್ನುತ್ತಾಳೆ. ಇಲ್ಲಿ ಅಂದ ಬೀದಿಯವರ ಕಣ್ಣಿಗೆ, ಆಘಾತ ಒಳಗೆ ಕುಳಿತವರ ಬೆನ್ನಿಗೆ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆದರೆ ಕಾಯಿದೆ ಇಲ್ಲದಿದ್ದರೂ ಅಕ್ಕನ ಸೊಂಟ ನೋಯುತ್ತಿತ್ತಲ್ಲವೇ?

ಇಷ್ಟೆಲ್ಲ ಯೋಚಿಸಿ ವಿಜಯವಾಡಕ್ಕೆ ಮರಳಿದೆ. ಒಂದು ದಿನ ಆಟೋನಗರದಲ್ಲಿ ಲಾರಿಯೊಂದಕ್ಕೆ ಸ್ಪ್ರಿಂಗ್ ಪಟ್ಟಿ ಕೂಡಿಸುತ್ತಿದ್ದುದನ್ನು ನೋಡುತ್ತ ನಿಂತಾಗ ನನ್ನದೇ ಒಂದು ಸಂಗತಿ ನೆನಪಾಯಿತು. ಮಗನ ಉಪನಯನವನ್ನು ಊರಿನಲ್ಲಿ ಮಾಡಿದಾಗ, ನೆಂಟರೆದುರು ಬರಿಯ ಗುಮಾಸ್ತನೆನಿಸಿಕೊಳ್ಳಬಾರದೆಂದು ದೊಡ್ಡ ಛತ್ರ ಹಿಡಿದು, ಕೂಡಿಟ್ಟದ್ದನ್ನೆಲ್ಲ ಸುರಿದಿದ್ದೆ. ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿದ್ದ ಹಣ ನನ್ನ ಕಣ್ಣಿಗೂ ಆ ಖಾಲಿ ಜಾಗದಂತೆಯೇ ಕಂಡಿತ್ತು. ಮರುವರ್ಷ ಹೆಂಡತಿಗೆ ಶಸ್ತ್ರಚಿಕಿತ್ಸೆಯಾಗಬೇಕಾದಾಗ ಕೈ ಬರಿದಾಗಿತ್ತು. ಬಳೆ ಅಡವಿಟ್ಟು ಹಣ ಕಳಿಸಿದವಳು ಇದೇ ಅಕ್ಕ.

ಸೋದರಳಿಯನಿಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲವೆನಿಸಿ ಈ ಸಂಗತಿಯನ್ನೇ ಬರೆದು ಕಳಿಸಿದ್ದೇನೆ. ಕೊನೆಯಲ್ಲಿ ಒಂದು ಮಾತು ಕೇಳಿಕೊಂಡಿದ್ದೇನೆ: ಒಮ್ಮೆ ಕಾರನ್ನು ಗೆಳೆಯನೊಬ್ಬನ ಕೈಗೆ ಕೊಟ್ಟು, ತಾನು ಅಮ್ಮನ ಪಕ್ಕ ಹಿಂದಿನ ಸೀಟಿನಲ್ಲಿ ಕುಳಿತು ಸಿಂಹಾಚಲಕ್ಕೆ ಹೋಗಿಬರಲಿ.