ಶನಿಗ್ರಹದ ದಾರಿಯಲ್ಲಿ ಒಂದು ಲೆಕ್ಕ

1977ರಲ್ಲಿ ಹೊರಟ ವಾಯೇಜರ್ 2 ನೌಕೆ ನೆಪ್ಚೂನನ್ನು ತಲುಪಿದ್ದು 1989ರಲ್ಲಿ. ಹನ್ನೆರಡು ವರ್ಷಗಳ ಪಯಣ. ಸೂರ್ಯನ ಒಡಲಲ್ಲಿ ನಡೆಯುವಂತೆ ಪರಮಾಣುಗಳನ್ನು ಬೆಸೆದು, ಆ ಶಕ್ತಿಯಿಂದ ನೌಕೆಯನ್ನು ತಳ್ಳಿದರೆ ಈ ದೂರ ಎಷ್ಟೋ ಕುಗ್ಗುತ್ತದೆ ಎಂಬುದು ವಿಜ್ಞಾನಿಗಳ ಹಳೆಯ ಕನಸು. ಇಂಥ ಎಂಜಿನ್ ಇನ್ನೂ ಯಾರ ಕೈಗೂ ಬಂದಿಲ್ಲ. ಆದರೆ ಅದು ಎತ್ತುವ ನೈತಿಕ ಪ್ರಶ್ನೆ ಮಾತ್ರ ಎಂದೋ ಬಂದಿದೆ.

1958ರಲ್ಲಿ ಅಮೆರಿಕದಲ್ಲಿ 'ಒರಾಯನ್' ಎಂಬ ಯೋಜನೆ ಆರಂಭವಾಯಿತು. ನೌಕೆಯ ಹಿಂದೆ ಒಂದಾದ ಮೇಲೊಂದು ಅಣುಬಾಂಬು ಸಿಡಿಸಿ, ಆ ಹೊಡೆತದಿಂದ ಮುಂದೆ ಸಾಗುವುದು ಅದರ ಉಪಾಯ. 1970ರೊಳಗೆ ಶನಿಗ್ರಹ ಎಂಬುದು ಅದರ ಘೋಷಣೆ. ಅದರಲ್ಲಿ ದುಡಿದ ಫ್ರೀಮನ್ ಡೈಸನ್ ಎಂಬ ಭೌತವಿಜ್ಞಾನಿ ಒಂದು ಲೆಕ್ಕವನ್ನೂ ಹಾಕಿದರು: ನೆಲದಿಂದ ನೌಕೆ ಏರಿದಾಗ ಹರಡುವ ವಿಕಿರಣದ ಧೂಳಿನಿಂದ ಜಗತ್ತಿನಲ್ಲಿ ಎಷ್ಟು ಜನ ಕ್ಯಾನ್ಸರಿನಿಂದ ಸಾಯಬಹುದು? ಬಂದ ಸಂಖ್ಯೆ ಚಿಕ್ಕದೇ.

ಚಿಕ್ಕದು ಎಂದು ನಾವು ಸುಮ್ಮನಿರಬಹುದೇ? ರಸ್ತೆಯಲ್ಲಿ ದಿನವೂ ಇದಕ್ಕಿಂತ ಹೆಚ್ಚು ಜನ ಸಾಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಬಸ್ಸು ಹತ್ತಿದವನಿಗೆ ತಾನು ಹೊರಟಿರುವುದು ಗೊತ್ತು, ಊರು ಸೇರುವ ಲಾಭವೂ ಅವನದೇ. ಗಾಳಿಯಲ್ಲಿ ಬಂದ ಧೂಳು ಕುಡಿದ ಯಾವುದೋ ದೇಶದ ಕುರಿಗಾಹಿಯನ್ನು ಯಾರೂ ಕೇಳಿರುವುದಿಲ್ಲ. ಅವನ ಸಾವಿಗೆ ಕೊಂದವನ ಹೆಸರಿಲ್ಲ, ದೂರು ಕೊಡಲು ಠಾಣೆಯಿಲ್ಲ. ಒಂದು ಜೀವವನ್ನು ಇಡೀ ಮನುಕುಲಕ್ಕೆ ಸಮನೆಂದು ನಂಬುವ ನಾವು ಇದನ್ನು ಸರಾಸರಿ ಎಂದು ಕರೆದು ದಾಟಲಾರೆವು.

1963ರ ಒಪ್ಪಂದ ವಾತಾವರಣದಲ್ಲೂ ಬಾಹ್ಯಾಕಾಶದಲ್ಲೂ ಅಣುಸ್ಫೋಟಗಳನ್ನು ನಿಷೇಧಿಸಿತು. ಒರಾಯನ್ 1965ರಲ್ಲಿ ಮುಗಿಯಿತು.

ಹಾಗೆಂದು ನಾವು ಬೆಂಕಿಯ ವಿರೋಧಿಗಳಲ್ಲ. ಇಲ್ಮ್ ಅರಸಿ ದೂರ ಹೋಗುವುದು ನಮ್ಮಲ್ಲಿ ಪುಣ್ಯದ ಕೆಲಸ. ಭೂಮಿಯಿಂದಾಚೆ ಹೊತ್ತಿಸಿದ ಸಮ್ಮಿಲನದ ಎಂಜಿನ್ ಯಾರ ಅಂಗಳಕ್ಕೂ ಧೂಳು ಸುರಿಸದಿದ್ದರೆ ಅದನ್ನು ಸ್ವಾಗತಿಸೋಣ. 2022ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪ್ರಯೋಗಾಲಯವೊಂದು ಇಂಧನದ ಗುಳಿಗೆಗೆ 2.05 ಮೆಗಾಜೂಲ್ ಲೇಸರ್ ಶಕ್ತಿ ಕೊಟ್ಟು 3.15 ಪಡೆಯಿತು. ಬಾಂಬುಗಳ ಸಂಗ್ರಹವನ್ನು ಕಾಯುವ ವಿದ್ಯೆಯೂ ಅದೇ ಪ್ರಯೋಗಾಲಯದ್ದು. ಬೆಂಕಿ ಒಂದೇ, ನಿಯ್ಯತ್ ಬೇರೆ ಬೇರೆ. ಆದ್ದರಿಂದಲೇ ಕೇಳುತ್ತಿರಬೇಕು: ಬೆಲೆ ತೆರುವವರು ಯಾರು, ಅವರನ್ನು ಕೇಳಿದ್ದೀರಾ?

2017ರಲ್ಲಿ ಇಂಧನ ಮುಗಿಯುತ್ತ ಬಂದ ಕ್ಯಾಸಿನಿ ನೌಕೆಯನ್ನು ವಿಜ್ಞಾನಿಗಳು ತಾವೇ ಶನಿಯ ಮೋಡಗಳಿಗೆ ಇಳಿಸಿ ಸುಟ್ಟರು. ಅದರ ಉಪಗ್ರಹ ಎನ್ಸೆಲಡಸ್‌ನಲ್ಲಿ ಒಂದು ವೇಳೆ ಜೀವವಿದ್ದರೆ, ನಮ್ಮ ಸೂಕ್ಷ್ಮಾಣುಗಳು ಅದನ್ನು ಕೆಡಿಸಬಾರದು ಎಂದು. ಕಾಣದ ಜೀವಕ್ಕೆ ಇಷ್ಟು ಅದಬ್ ತೋರಬಲ್ಲ ಮನುಷ್ಯ, ಕುರಿಗಾಹಿಗೂ ತೋರಬಲ್ಲ. ತೋರಲೇಬೇಕು.