ತಂಡದ ಪ್ರತಿನಿಧಿ

ಬೇಸಗೆಯ ಸಂಜೆ ಚಿಕ್ಕೋಡಿಯ ಯಾವುದಾದರೊಂದು ಕಟ್ಟೆಯ ಮೇಲೆ ನಾಲ್ವರು ಕೂಡಿದರೆಂದರೆ, ಮಳೆಯ ಮಾತು, ಕಬ್ಬಿನ ಮಾತು ಮುಗಿಯುವದರೊಳಗಾಗಿ ಕ್ರಿಕೆಟ್ಟಿನ ಮಾತು ಹೊರಡದೆ ಇರುವದಿಲ್ಲ. ನಿಪ್ಪಾಣಿಯ ತಂಬಾಕಿನ ವಖಾರಿಗಳ ಮುಂದೆಯೂ, ರಾಯಬಾಗ ಅಥಣಿಗಳ ಚಹದ ಅಂಗಡಿಗಳಲ್ಲಿಯೂ, ಕಾಗವಾಡದ ಬಸ್ಸು ನಿಲ್ಲುವ ತಾಣದಲ್ಲಿಯೂ ಇದೇ ಬಗೆ. ಆ ಮಾತು ಸುತ್ತಿ ಸುಳಿದು ಒಂದು ಪ್ರಶ್ನೆಗೆ ಬಂದು ನಿಲ್ಲುವದುಂಟು: ಕರ್ನಾಟಕದ ತಂಡವೆಂದೊಡನೆ ಯಾರ ಮೂರ್ತಿಯು ಕಣ್ಣೆದುರಿಗೆ ನಿಲ್ಲಬೇಕು? ತಂಡದ ಪ್ರತಿನಿಧಿಯೆನ್ನಿಸಿಕೊಳ್ಳಲು ಯಾವ ಆಟಗಾರನು ಎಲ್ಲರಿಗಿಂತ ಯೋಗ್ಯನು? ಹುಡುಗರು ಇದನ್ನು ವಿನೋದಕ್ಕಾಗಿ ಕೇಳುತ್ತಾರೆ; ಆದರೆ ತಲೆ ನರೆತವರು ಕೂಡ ಈ ವಾದದಲ್ಲಿ ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋಗುವದುಂಟು. ಇಷ್ಟು ಕಾವು ಹುಟ್ಟುವಲ್ಲಿ ಆಟಕ್ಕಿಂತ ಮಿಗಿಲಾದದ್ದೇನೋ ಅಡಗಿರಲೇಬೇಕು.

ಒಂದು ಪಕ್ಷದವರು ಗುಣೋತ್ಕರ್ಷವನ್ನು ಮುಂದೆ ಮಾಡುತ್ತಾರೆ. 1999ರಲ್ಲಿ ದಿಲ್ಲಿಯಲ್ಲಿ ಪಾಕಿಸ್ತಾನದ ಒಂದೇ ಸರದಿಯ ಹತ್ತೂ ಹುದ್ದರಿಗಳನ್ನು 74 ಓಟಗಳಿಗೆ ಕಿತ್ತ ಅನಿಲ ಕುಂಬ್ಳೆಯವರಿಗಿಂತ ಯಾರು ದೊಡ್ಡವರು? 2002ರಲ್ಲಿ ಆಂಟಿಗಾದಲ್ಲಿ ಒಡೆದ ದವಡೆಗೆ ಪಟ್ಟಿ ಸುತ್ತಿಕೊಂಡು ಎಸೆಯಲು ಬಂದು ಲಾರಾನನ್ನು ಹಿಂದಿರುಗಿಸಿದವರೂ ಅವರೇ ಅಲ್ಲವೆ? ಇದಕ್ಕೆ ಜನ್ಮಭೂಮಿಯ ಪಕ್ಷದವರು, ಎಲ್ಲ ಕೀರ್ತಿಯೂ ಬೆಂಗಳೂರಿನ ಪಾಲಿಗೇ ಏಕೆಂದು ಕೇಳಿ ಗದಗಿನ ಸುನೀಲ ಜೋಶಿಯವರನ್ನು ನಿಲ್ಲಿಸುತ್ತಾರೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಐವರನ್ನು ಬರಿಯ 6 ಓಟಗಳಿಗೆ ಕೆಡವಿದ ಕೈ ಈ ಕಡೆಯ ಮಣ್ಣಿನದು ಎಂಬದು ಅವರ ಹೆಮ್ಮೆ. ತರುಣರಿಗೆ ಇವೆರಡೂ ಹಳೆಯ ಕಥೆಗಳು. 2008ರಿಂದ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡವನ್ನು ಬಿಡದೆ, 2025ರಲ್ಲಿ ಅದು ಮೊದಲ ಸಲ ಐಪಿಎಲ್ ಕಿರೀಟವನ್ನು ಪಡೆದಾಗ ಕಣ್ಣೀರು ಸುರಿಸಿದ ವಿರಾಟ ಕೊಹ್ಲಿಯವರನ್ನು ಅವರು ಹೇಳುತ್ತಾರೆ. ದಿಲ್ಲಿಯವನು ನಮ್ಮ ಪ್ರತಿನಿಧಿಯೆ ಎಂದು ಹಿರಿಯರು ಹುಬ್ಬೇರಿಸುತ್ತಾರೆ.

ಈ ಐದು ತಾಲೂಕುಗಳವರು ಮಾತ್ರ ಹಾಗೆ ಹುಬ್ಬೇರಿಸುವ ಮೊದಲು ತುಸು ಯೋಚಿಸಬೇಕು. 1956ರ ನವೆಂಬರದ ವರೆಗೆ ಈ ಸೀಮೆಯೇ ಮುಂಬಯಿ ರಾಜ್ಯದಲ್ಲಿತ್ತು; ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ರಾಹುಲ ದ್ರಾವಿಡರು ಹುಟ್ಟಿದ್ದು ಇಂದೂರಿನಲ್ಲಿ. ಅವರನ್ನು ಹೊರಗಿನವರೆಂದು ಯಾರೂ ಅನ್ನುವದಿಲ್ಲ. 2024ರಲ್ಲಿ ಬೆಂಗಳೂರಿನ ಹೆಣ್ಣುಮಕ್ಕಳ ತಂಡಕ್ಕೆ ಗಂಡಸರಿಗಿಂತ ಮೊದಲೇ ಕಿರೀಟವನ್ನು ತಂದುಕೊಟ್ಟ ನಾಯಕಿ ಸ್ಮೃತಿ ಮಂಧಾನಾ ಬೆಳೆದದ್ದು ಸಾಂಗಲಿಯಲ್ಲಿ. ಕಾಗವಾಡದವರಿಗೆ ಸಾಂಗಲಿಯು ಬೆಂಗಳೂರಿಗಿಂತ ಎಷ್ಟು ಹತ್ತಿರವೆಂಬದನ್ನು ಹೇಳಬೇಕಾಗಿಲ್ಲ. ಈ ಸೀಮೆಯ ಕುಸ್ತಿಯ ರೂಢಿಯನ್ನೇ ನೋಡಬಹುದು. ಹುಡುಗನು ಇಲ್ಲಿಯ ಹಳ್ಳಿಯಿಂದ ಕೊಲ್ಲಾಪುರದ ತಾಲೀಮಿಗೆ ಹೋಗಿ ಮಣ್ಣು ಹಚ್ಚಿಕೊಂಡನೆಂದರೆ, ಜಾತ್ರೆಯ ಕಣದಲ್ಲಿ ಆ ತಾಲೀಮಿನ ಪೈಲವಾನನೆಂದೇ ಇಳಿಯುತ್ತಾನೆ. ಗೆದ್ದರೆ ಊರವರು ಅವನನ್ನು ಹೆಗಲ ಮೇಲೆ ಹೊರುತ್ತಾರೆ, ಅವನ ವಸ್ತಾದನೂ ಮೀಸೆ ತಿರುವುತ್ತಾನೆ, ಇಬ್ಬರಿಗೂ ಜಗಳವಿಲ್ಲ. ಹುಟ್ಟಿನ ಲಕ್ಷಣವು ತಾರ್ಕಿಕರು ಹೇಳುವಂತೆ ಅವ್ಯಾಪ್ತಿಯಿಂದಲೂ ಅತಿವ್ಯಾಪ್ತಿಯಿಂದಲೂ ಕೆಡುತ್ತದೆ: ದ್ರಾವಿಡರನ್ನು ಹೊರಗೆ ಬಿಡುತ್ತದೆ, ಗದಗಿನಲ್ಲಿ ಹುಟ್ಟಿ ಬ್ಯಾಟನ್ನೇ ಮುಟ್ಟದವನನ್ನು ಒಳಗೆ ಕರೆಯುತ್ತದೆ.

ಹಾಗಾದರೆ ಗುಣೋತ್ಕರ್ಷವೇ ಸಾಕೆ? ಇಲ್ಲಿ ಹಳೆಯ ಶಾಸ್ತ್ರವೊಂದು ನೆರವಿಗೆ ಬರುತ್ತದೆ. ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಪ್ರತಿನಿಧಿಯ ವಿಚಾರವು ಬಂದಿದೆ. ಯಾಗಕ್ಕೆ ವಿಹಿತವಾದ ವ್ರೀಹಿ, ಎಂದರೆ ಭತ್ತ, ದೊರೆಯದಿದ್ದಲ್ಲಿ ಕರ್ಮವನ್ನು ನಿಲ್ಲಿಸಬೇಕಾಗಿಲ್ಲ. ನೀವಾರವೆಂಬ ಕಾಡುಭತ್ತವನ್ನು ತರಬಹುದು. ನೀವಾರವೇ ಏಕೆ? ಅದು ಹೆಚ್ಚು ಬೆಲೆಯುಳ್ಳದ್ದೆಂದಲ್ಲ, ವ್ರೀಹಿಯನ್ನು ಹೋಲುವದೆಂದು. ಬಂಗಾರವನ್ನು ತಂದು ಸುರಿದರೂ ಅದರಿಂದ ಪುರೋಡಾಶವಾಗದು. ಪ್ರತಿನಿಧಿಗೆ ಸಾದೃಶ್ಯವೇ ಯೋಗ್ಯತೆ, ಶ್ರೇಷ್ಠತೆಯಲ್ಲ. ಮುಂದೆ ಇನ್ನೊಂದು ವಿಚಾರವಿದೆ. ಯಜಮಾನನಿಗೆ ಸಾಮಾನ್ಯವಾಗಿ ಪ್ರತಿನಿಧಿಯಿಲ್ಲ. ಆದರೆ ಅನೇಕ ಯಜಮಾನರು ಕೂಡಿ ನಡೆಸುವ ಸತ್ರದಲ್ಲಿ ಒಬ್ಬನು ನಡುವೆ ಇಲ್ಲವಾದರೆ ಅವನ ಎಡೆಗೆ ಮತ್ತೊಬ್ಬನನ್ನು ಸೇರಿಸಿಕೊಳ್ಳಬಹುದು. ಹಾಗೆ ಬಂದವನು ಸ್ವಾಮಿಯಾಗುವದಿಲ್ಲ, ಫಲವು ಅವನದಲ್ಲ. ಹೀಗಿದ್ದೂ ಯಜಮಾನನ ನಿಯಮಗಳೆಲ್ಲ ಅವನಿಗೆ ತಗಲುತ್ತವೆ.

ಕ್ರೀಡಾಂಗಣವು ಯಜ್ಞಶಾಲೆಯಲ್ಲವೆಂದು ವಾಚಕರು ನಗಬಹುದು. ಆದರೂ ಆಟಗಾರನ ಸ್ಥಿತಿಗೆ ಇದಕ್ಕಿಂತ ಹತ್ತಿರದ ಮಾತು ಸಿಕ್ಕುವದು ಕಷ್ಟ. ಗೆಲವು ತಮ್ಮದೆಂದು ಜನರು ಎಣಿಸುತ್ತಾರೆ. ಕಷ್ಟಪಟ್ಟವನು ಮಾತ್ರ ಬೇರೆ. ಆ ಎಣಿಕೆ ಎಲ್ಲಿಗೆ ಮುಟ್ಟಬಲ್ಲದೆಂಬದನ್ನು 2025ರ ಜೂನ್ 4ರಂದು ಬೆಂಗಳೂರು ಕಂಡಿತು. ಗೆದ್ದು ಬಂದವರನ್ನು ನೋಡಲು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕಿದ ಜನಸಂದಣಿಯಲ್ಲಿ 11 ಜೀವಗಳು ಹೋದವು. ಅವರು ಪರರ ಉತ್ಸವಕ್ಕೆ ಹೋಗಿರಲಿಲ್ಲ, ತಮ್ಮ ಫಲವನ್ನೇ ಕಾಣಲು ಹೋಗಿದ್ದರು.

ಇನ್ನು ಉಳಿದದ್ದು ಸಾದೃಶ್ಯದ ಪ್ರಶ್ನೆ. ಆಟಗಾರನು ಯಾವುದನ್ನು ಹೋಲಬೇಕು? ಜನರು ತಾವು ಹೀಗಿರಬೇಕೆಂದು ಮನಸ್ಸಿನಲ್ಲಿ ಬಯಸುವ ಶೀಲವನ್ನು ಎಂದರೆ ತಪ್ಪಾಗದು. ಹೀಗೆಂದಾಗ ವಾದವು ಗುಂಡಪ್ಪ ವಿಶ್ವನಾಥರ ಹೆಸರಿಗೆ ತಿರುಗುತ್ತದೆ. ಭದ್ರಾವತಿಯಲ್ಲಿ ಹುಟ್ಟಿದ ಆ ಗಿಡ್ಡ ದೇಹದ ದಾಂಡಿಗರು 1969ರಲ್ಲಿ ಕಾನಪುರದಲ್ಲಿ ಆಡಿದ ಮೊದಲನೆಯ ಟೆಸ್ಟಿನಲ್ಲಿಯೇ, ಮೊದಲ ಸರದಿಯಲ್ಲಿ ಸೊನ್ನೆಗೆ ಹೋಗಿ, ಎರಡನೆಯದರಲ್ಲಿ 137 ಓಟಗಳನ್ನು ಮಾಡಿದವರು. ಆದರೆ ಕಟ್ಟೆಯ ಮೇಲೆ ಹೆಚ್ಚಾಗಿ ಬರುವದು 1980ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವದ ಟೆಸ್ಟಿನ ಮಾತು. ಭಾರತದ ನಾಯಕರು ವಿಶ್ವನಾಥರು. ಇಂಗ್ಲಂಡದ ಐವರು 58 ಓಟಗಳಿಗೆ ಬಿದ್ದಿದ್ದರು. ತರುವಾಯ ಬಾಬ್ ಟೇಲರನು ಚೆಂಡನ್ನು ತಗಲಿಸಿ ಹಿಂದೆ ಹಿಡಿಗೊಟ್ಟನೆಂದು ಪಂಚರು ಬೆರಳೆತ್ತಿದರು. ಟೇಲರನ ಬ್ಯಾಟಿಗೆ ಚೆಂಡು ತಗಲಿಲ್ಲವೆಂದು ನಾಯಕರಿಗೆ ಮನವರಿಕೆಯಾಯಿತು. ಅವರು ಮೊರೆಯನ್ನು ಹಿಂತೆಗೆದುಕೊಂಡು ಅವನನ್ನು ತಿರುಗಿ ಕರೆದರು. ಟೇಲರನು ಬೋಥಮನೊಡನೆ ನಿಂತನು. ಇಬ್ಬರೂ ಕೂಡಿ 171 ಓಟಗಳನ್ನು ಸೇರಿಸಿದರು. ಭಾರತವು ಹತ್ತು ಹುದ್ದರಿಗಳಿಂದ ಸೋತಿತು.

ಇದಕ್ಕೆ ತೀಕ್ಷ್ಣವಾದ ಆಕ್ಷೇಪವೊಂದುಂಟು. ಫಲವು ಪ್ರತಿನಿಧಿಯದಲ್ಲವೆಂದ ಮೇಲೆ, ಅದನ್ನು ಬಿಟ್ಟುಕೊಡುವ ಅಧಿಕಾರವು ಅವನಿಗೆಲ್ಲಿಯದು? ಊರ ಪಂಚರ ಕಣಜದ ಕಾಳನ್ನು ಕಾವಲುಗಾರನು ದಾನಮಾಡಿ ಪುಣ್ಯವಂತನೆನಿಸಿಕೊಂಡರೆ ಊರವರು ಒಪ್ಪುವರೆ? ಆಕ್ಷೇಪವು ಹಗುರಾದದ್ದಲ್ಲ. ಔದಾರ್ಯವೆಂದು ಹೊಗಳಿ ವಿಶ್ವನಾಥರನ್ನು ಸಮರ್ಥಿಸುವವರು ಇದಕ್ಕೆ ಉತ್ತರ ಕೊಡಲಾರರು, ಏಕೆಂದರೆ ಪರಸ್ವತ್ತಿನ ಔದಾರ್ಯವು ಔದಾರ್ಯವೇ ಅಲ್ಲ. ಉತ್ತರವು ಬೇರೆ ಕಡೆಗಿದೆ. ಕಣಜಕ್ಕೆ ನೆರೆಯವನ ಚೀಲವು ತಪ್ಪಿ ಬಂದಿದ್ದರೆ ಅದನ್ನು ತಿರುಗಿ ಕಳಿಸುವದು ದಾನವಲ್ಲ; ಅದು ಕಣಜದ ಲೆಕ್ಕವನ್ನು ಸರಿಯಾಗಿಡುವದು. ಪಂಚರ ಬೆರಳು ಆಟದಲ್ಲಿ ಪ್ರಮಾಣವೆಂಬದು ನಿಜ; ಆದರೆ ಮೊರೆಯನ್ನು ಹಿಂತೆಗೆಯಲು ನಾಯಕನಿಗೆ ಎಡೆಯನ್ನು ಕೊಟ್ಟದ್ದೂ ಅದೇ ಆಟದ ನಿಯಮವೇ. ಯಜಮಾನನು ಸುಳ್ಳಾಡಬಾರದೆಂದಿದ್ದರೆ ಅವನ ಎಡೆಯಲ್ಲಿ ಕುಳಿತವನೂ ಸುಳ್ಳಾಡಬಾರದು. ಜನರು ಸ್ವತಃ ಅಲ್ಲಿದ್ದರೆ ಏನು ಮಾಡಬೇಕಾಗಿತ್ತೋ ಅದನ್ನು ಅವರು ಮಾಡಿದರು.

ಮಾಡಬೇಕಾಗಿತ್ತು, ಸರಿ, ಮಾಡುತ್ತಿದ್ದರೆ? ಇಲ್ಲಿ ಚಿಕ್ಕೋಡಿಯ ಕಟ್ಟೆಯ ಕುಹಕಿಗಳು ಒಂದು ಮಾತನ್ನು ತೆಗೆಯುತ್ತಾರೆ. 1980ರ ಸೋಲು ಅಖಿಲ ಭಾರತಕ್ಕೆ ಹಂಚಿಹೋಯಿತು, ಕರ್ನಾಟಕದವರ ಪಾಲಿಗೆ ಬಂದದ್ದು ಕೀರ್ತಿಯೊಂದೇ; ಆದುದರಿಂದಲೇ ಅದು ಇಷ್ಟು ಸಿಹಿಯೆನ್ನುತ್ತಾರೆ. ಅವರು 1974ರ ರಣಜಿ ಉಪಾಂತ್ಯವನ್ನು ನೆನೆಸುತ್ತಾರೆ. 15 ವರ್ಷ ಎಡೆಬಿಡದೆ ಗೆದ್ದ ಮುಂಬಯಿಯನ್ನು ಬೆಂಗಳೂರಿನಲ್ಲಿ ಕರ್ನಾಟಕವು ತಡೆದ ಪಂದ್ಯವದು; ವಿಶ್ವನಾಥರೂ ಬ್ರಿಜೇಶ ಪಟೇಲರೂ ಶತಕಗಳನ್ನು ಹೊಡೆದರು, ನಾಯಕ ಪ್ರಸನ್ನರ ಚೆಂಡು ಗಾವಸ್ಕರರ ಗೂಟಗಳನ್ನು ಕೆಡವಿತು. ಬಿದ್ದದ್ದು ಗೂಟಗಳಾದುದರಿಂದ ಅಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ. ಅದರ ಬದಲು, ತಗಲದ ಚೆಂಡಿಗೆ ಪಂಚರು ಬೆರಳೆತ್ತಿದ್ದರೆ, ಗಾವಸ್ಕರರು ಹೊರಟು ನಿಂತಿದ್ದರೆ, ಪ್ರಸನ್ನರು ಅವರನ್ನು ತಿರುಗಿ ಕರೆದು ಪಂದ್ಯವು ಕೈಬಿಟ್ಟು ಹೋಗಿದ್ದರೆ, ಆಗಲೂ ಅವರೇ ತಂಡದ ಪ್ರತಿನಿಧಿಯೆಂದು ಹೇಳುತ್ತಿದ್ದಿರೋ ಎಂದು ಅವರು ಕೇಳುತ್ತಾರೆ. ಅಲ್ಲಿಯ ವರೆಗೆ ಒಬ್ಬರ ಮಾತನ್ನೊಬ್ಬರು ಕಡಿದು ಮಾತಾಡುತ್ತಿದ್ದವರು ಆಗ ಚಹದ ಬಟ್ಟಲಿಗೆ ಕೈ ಹಾಕುತ್ತಾರೆ.