ನೀ ಮನಿಕ್ಕೊ, ನಾ ನೋಡ್ಕತೀನಿ

ನಿದ್ದೆ ಬರಲು ಏನು ತಿನ್ನಬೇಕು ಎಂದು ಹುಣಸೂರು, ಪಿರಿಯಾಪಟ್ಟಣದ ಕಡೆ ಸೆಪ್ಟೆಂಬರ್ ತಿಂಗಳಲ್ಲಿ ಯಾರನ್ನಾದರೂ ಕೇಳಿದರೆ ನಕ್ಕುಬಿಟ್ಟಾರು. ಆಗ ಅಲ್ಲಿ ಬೇಕಾಗಿರುವುದು ನಿದ್ದೆ ಬಾರದ ಹಾಗೆ ನೋಡಿಕೊಳ್ಳುವ ಮದ್ದು. ಹೊಗೆಸೊಪ್ಪು ಬೇಯಿಸುವ ಕಾಲ ಅದು. ಹೊಲದ ಮಗ್ಗುಲಲ್ಲಿ ಎತ್ತರಕ್ಕೆ ನಿಂತ ಬ್ಯಾರನ್ನಿನೊಳಗೆ, ಕಡ್ಡಿಗಳಿಗೆ ಕಟ್ಟಿದ ಹಸಿ ಸೊಪ್ಪು ಸೂರಿನಿಂದ ಕೆಳಗಿನವರೆಗೆ ಸಾಲುಸಾಲಾಗಿ ನೇತಾಡುತ್ತಿರುತ್ತದೆ. ಹೊರಗಿನ ಒಲೆಗೆ ಸೌದೆ ತಳ್ಳಿದರೆ ಬಿಸಿ ತಗಡಿನ ಕೊಳವೆಗಳಲ್ಲಿ ಒಳಗೆಲ್ಲ ಸುತ್ತುತ್ತದೆ. ಮೊದಲು ನೂರು ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿ ಎಲೆಯನ್ನು ಹಳದಿಗೆ ತಿರುಗಿಸಬೇಕು. ಆಮೇಲೆ ಹಂತಹಂತವಾಗಿ ಏರಿಸುತ್ತಾ ಹೋಗಿ, ಕೊನೆಗೆ ನಡುವಿನ ದಂಟು ಒಣಗಲು 160ರ ಹತ್ತಿರ ತರಬೇಕು. ಐದಾರು ದಿನದ ಕೆಲಸ, ಐದಾರು ರಾತ್ರಿಯದೂ ಹೌದು. ಎಲೆಯಲ್ಲಿ ನೀರಿರುವಾಗಲೇ ಕಾವು ಜಾಸ್ತಿಯಾದರೆ ಸೊಪ್ಪು ಕಪ್ಪಿಡುತ್ತದೆ. ಒಲೆ ಆರಿ ಕಾವು ಕುಸಿದರೆ ಬಣ್ಣ ಕೆಡುತ್ತದೆ. ಒಂದು ಕಡ್ಡಿ ಜಾರಿ ಕಾದ ಕೊಳವೆ ಮೇಲೆ ಬಿತ್ತೋ, ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಒಲೆಯ ಮುಂದೆ ಚಾಪೆ, ಫ್ಲಾಸ್ಕಿನಲ್ಲಿ ಟೀ, ಥರ್ಮಾಮೀಟರಿನ ಮೇಲೆ ಬಿಡಲು ಒಂದು ಟಾರ್ಚು.

ಈ ಬೆಳೆಗೆ 1976ರಲ್ಲಿ ತಂಬಾಕು ಮಂಡಳಿ ಬಂತು, ಆಮೇಲೆ ಲೈಸೆನ್ಸು ಬಂತು, ಹರಾಜು ಕಟ್ಟೆ ಬಂತು. ಈ ಸೀಮೆಯ ಮಣ್ಣು, ಮಳೆ, ಸಾಲ, ಮದುವೆ ಎಲ್ಲದರ ಲೆಕ್ಕ ಹೊಗೆಸೊಪ್ಪಿನ ಸುತ್ತ ತಿರುಗುತ್ತದೆ. ನಿದ್ದೆಯ ಲೆಕ್ಕವನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಎಲ್ಲರ ಬಾಯಲ್ಲೂ ಇದೆ. ಅದನ್ನು ಹರಾಜು ಕಟ್ಟೆಯ ಅಂಗಳದಲ್ಲಿ, ತನ್ನ ಬೇಲಿನ ಸರದಿಗೆ ಕಾದು ಕೂತವನ ಮುಂದೆ ಹೇಳುವ ಧೈರ್ಯ ನನಗಿಲ್ಲ.

ಒಲೆಯ ಮುಂದೆ ಸಾಮಾನ್ಯವಾಗಿ ಇಬ್ಬರಿರುತ್ತಾರೆ, ಅಣ್ಣತಮ್ಮಂದಿರೋ, ಭಾವಮೈದುನರೋ, ಅಪ್ಪಮಗನೋ. ನಡುರಾತ್ರಿ ದಾಟಿದ ಮೇಲೆ ಒಬ್ಬನ ತಲೆ ತೂಗತೊಡಗುತ್ತದೆ. ಇನ್ನೊಬ್ಬ ಸೌದೆ ಒಳತಳ್ಳುತ್ತಾ, ಮುಖ ಕೂಡ ತಿರುಗಿಸದೆ, “ನೀ ಮನಿಕ್ಕೊಳಣ್ಣ, ನಾ ನೋಡ್ಕತೀನಿ” ಅನ್ನುತ್ತಾನೆ. ಅಷ್ಟೇ. ಅವನು ಇದ್ದ ಜಾಗದಲ್ಲೇ, ಹೊಗೆಯಲ್ಲೇ, ಸೊಳ್ಳೆಯ ನಡುವೆಯೇ, ಟವೆಲ್ಲು ಮುಖದ ಮೇಲೆಳೆದುಕೊಂಡು ಗೊರಕೆ ಹೊಡೆಯುತ್ತಾನೆ. ಈಗಷ್ಟೇ ಕುಡಿದ ಟೀ ಕೂಡ ತಡೆಯಲಾರದು. ದಿನವೆಲ್ಲ ಮಿದುಳಿನಲ್ಲಿ ಶೇಖರವಾಗಿ ಮಂಪರು ತರುವ ಅಡಿನೋಸಿನ್ ಎಂಬ ರಾಸಾಯನಿಕದ ದಾರಿಗೆ ಟೀಯ ಕೆಫೀನ್ ಅಡ್ಡ ಕೂರುತ್ತದೆ ಎಂದು ಪುಸ್ತಕ ಹೇಳುತ್ತದೆ, ನಿಜವೇ. ಆದರೆ ಅದೇ ಟೀ ಕುಡಿದ ಅದೇ ಮನುಷ್ಯ, ಇನ್ನೊಬ್ಬ ಊರಿಗೆ ಹೋಗಿ ತಾನೊಬ್ಬನೇ ಉಳಿದ ರಾತ್ರಿ, ಎರಡು ನಿಮಿಷ ತೂಕಡಿಸಿದರೂ ಬೆಚ್ಚಿ ಏಳುತ್ತಾನೆ. ದೇಹ ಅದೇ, ದಣಿವು ಅಷ್ಟೇ, ಫ್ಲಾಸ್ಕೂ ಅದೇ. ಬದಲಾಗಿದ್ದು ಏನು?

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ನಿದ್ದೆಯ ಮದ್ದುಗಳನ್ನು ನೋಡಿದರೆ ಅವು ಬೇರೆಯಾಗಿ ಕಾಣುತ್ತವೆ.

ಗಸಗಸೆ ಪಾಯಸದಿಂದಲೇ ಶುರುಮಾಡೋಣ. ಹಳೇ ಮೈಸೂರಿನವರಿಗೆ ಅದರ ಮೇಲೆ ಅಪಾರ ನಂಬಿಕೆ. ಗಸಗಸೆ ಹುರಿದು, ನೆನೆಸಿದ ಅಕ್ಕಿ, ತೆಂಗಿನಕಾಯಿ ಜೊತೆ ನುಣ್ಣಗೆ ರುಬ್ಬಿ, ಬೆಲ್ಲ, ಏಲಕ್ಕಿ ಹಾಕಿ ಕುದಿಸಿದ್ದನ್ನು ಎರಡು ಲೋಟ ಕುಡಿದವನು ಮಧ್ಯಾಹ್ನ ಜಗುಲಿಯ ಮೇಲೆ ಉರುಳದೆ ಇರುವುದಿಲ್ಲ. ಅಫೀಮಿನ ಗಿಡದ ಬೀಜವಲ್ಲವೇ ಎಂದು ಕಣ್ಣು ಮಿಟುಕಿಸುವವರೂ ಇದ್ದಾರೆ. ಗಿಡ ಅದೇ, ಸರಿ. ಆ ಕಾರಣಕ್ಕೇ ಯುಎಇಗೆ ಗಸಗಸೆ ಒಯ್ಯುವಂತಿಲ್ಲ. ಆದರೆ ಅಮಲಿರುವುದು ಕಾಯಿಯ ಹಾಲಿನಲ್ಲಿ. ಬೀಜಕ್ಕೆ ಅಂಟಿಕೊಂಡ ಚೂರುಪಾರು ಅಂಶವೂ ತೊಳೆದು ಹುರಿದು ಕುದಿಸುವಷ್ಟರಲ್ಲಿ ಬಹುಪಾಲು ಹೊರಟುಹೋಗಿರುತ್ತದೆ. ಜಗುಲಿಯ ಮೇಲೆ ಕೆಡವಿದ್ದು ಕಾಯಿ, ಬೆಲ್ಲ, ಹಬ್ಬದೂಟ, ಎಲ್ಲಕ್ಕಿಂತ ಮಿಗಿಲಾಗಿ ಆ ದಿನ ಹೊಲಕ್ಕೆ ಹೋಗಬೇಕಿಲ್ಲ ಎಂಬ ನಿಶ್ಚಿಂತೆ. ಯಾವ ಬ್ಯಾರನ್ನಿನ ಮುಂದೂ ಯಾರೂ ಗಸಗಸೆ ಪಾಯಸ ಕುಡಿದು ಪರೀಕ್ಷೆ ಮಾಡಿಲ್ಲ.

ಬಿಸಿ ಹಾಲಿನದೂ ಹೆಚ್ಚುಕಡಿಮೆ ಇದೇ ಕಥೆ. ಹಾಲಿನಲ್ಲಿ ಟ್ರಿಪ್ಟೊಫ್ಯಾನ್ ಇದೆ, ಅದರಿಂದ ನಿದ್ದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ಒಂದು ಲೋಟದಲ್ಲಿರುವುದು ಸ್ವಲ್ಪ, ಅದು ಕೂಡ ಹಾಲಿನ ಬೇರೆ ಅಮೈನೊ ಆಮ್ಲಗಳ ಜೊತೆ ಪೈಪೋಟಿ ಮಾಡಿಕೊಂಡು ಮಿದುಳಿಗೆ ಹೋಗಬೇಕು. ಚರಕ ಸಂಹಿತೆ ಎಮ್ಮೆಯ ಹಾಲು ನಿದ್ದೆ ಬಾರದವರಿಗೆ ಹಿತ ಎಂದಾಗ ಅದರ ಲೆಕ್ಕ ಜಿಡ್ಡಿನದು, ಗುರುತ್ವದ್ದು. ಅದೇ ಗ್ರಂಥ ನಿದ್ದೆ ತರುವ ಉಪಾಯಗಳನ್ನು ಒಂದೇ ಉಸಿರಿಗೆ ಹೇಳುತ್ತಾ ಹೋಗುತ್ತದೆ: ಎಣ್ಣೆ ಒತ್ತಿಸಿಕೊಳ್ಳುವುದು, ಸ್ನಾನ, ಮಾಂಸದ ರಸ, ಮೊಸರಿನೊಂದಿಗೆ ಅನ್ನ, ಹಾಲು, ತುಪ್ಪ, ಮದ್ಯ, ಅವುಗಳ ಸಾಲಿನಲ್ಲೇ, ಏನೂ ವಿಶೇಷವಿಲ್ಲ ಎಂಬಂತೆ, ಮನಸ್ಸಿನ ಸುಖ. ಅನ್ನ ಮೊಸರಿನ ಪಕ್ಕ ಮನಸ್ಸನ್ನೂ ಒಂದು ಪದಾರ್ಥವಾಗಿ ಬಡಿಸಿದ ಆ ವೈದ್ಯನ ಬಗ್ಗೆ ನನಗೆ ಗೌರವ ಹೆಚ್ಚು. (ಪಟ್ಟಿಯಲ್ಲಿರುವ ಮದ್ಯವನ್ನು ಮಾತ್ರ ನಮ್ಮ ಸೀಮೆ ಬೇಗ ಒಪ್ಪಿಕೊಂಡಿದೆ. ಸಂಜೆಯ ಪ್ಯಾಕೆಟ್ಟು ಬೇಗ ಮಲಗಿಸುತ್ತದೆ, ನಿಜ. ಅಮಲು ಇಳಿಯುವ ಹೊತ್ತಿಗೆ, ರಾತ್ರಿಯ ಎರಡನೇ ಅರ್ಧದಲ್ಲಿ, ಕೊಟ್ಟದ್ದನ್ನು ಬಡ್ಡಿ ಸಮೇತ ಕಿತ್ತುಕೊಳ್ಳುತ್ತದೆ.)

ಇನ್ನು ಜಾಕಾಯಿ. ಅಜ್ಜಿಯರ ಕೈಯಲ್ಲಿ ಅದರ ಅಳತೆ ಚಮಚವಲ್ಲ, ಸುತ್ತು. ಸಾಣೆಕಲ್ಲಿನ ಮೇಲೆ ನಾಲ್ಕು ತೊಟ್ಟು ಹಾಲು, ಅದರಲ್ಲಿ ಜಾಕಾಯಿಯನ್ನು ಗುಂಡಗೆ ಒಂದೆರಡು ಸುತ್ತು ತೇಯ್ದರೆ ಕಂದು ಬಣ್ಣದ ತೆಳ್ಳನೆ ಗಂಧ ಏಳುತ್ತದೆ. ಅದನ್ನು ಬೆರಳ ತುದಿಯಲ್ಲಿ ಬಳಿದು ಹಾಲಿಗೆ ಕದಡುತ್ತಾರೆ. ದೊಡ್ಡವರಿಗೆ ನಾಲ್ಕು ಸುತ್ತು. ಅದಕ್ಕಿಂತ ಮುಂದೆ ಹೋದರೆ “ಸಾಕು, ಅಮಲಾಯ್ತದೆ” ಎನ್ನುತ್ತಾರೆ. ಆ ಎಚ್ಚರಿಕೆಗೆ ಅರ್ಥವಿದೆ: ಪುಡಿ ಮಾಡಿ ಒಂದೆರಡು ಚಮಚ ಒಮ್ಮೆಲೇ ತಿಂದರೆ ಎದೆ ಹೊಡೆದುಕೊಂಡು, ಇಲ್ಲದ್ದೆಲ್ಲ ಕಂಡು ಆಸ್ಪತ್ರೆ ಸೇರಬೇಕಾದೀತು. ಎಳೆ ಮಕ್ಕಳಿಗೆ ಬೇಡವೇ ಬೇಡ ಎಂದು ಮಕ್ಕಳ ವೈದ್ಯರು ಹೇಳುವುದು ಸರಿಯಾಗಿಯೇ ಇದೆ. ನನ್ನ ಗಮನ ಹೋಗುವುದು ಮದ್ದಿಗಿಂತ ಆ ಸುತ್ತುಗಳ ಕಡೆಗೆ. ತೇಯುವವರು ಒಬ್ಬರು, ಕುಡಿಯುವವರು ಇನ್ನೊಬ್ಬರು. ತಾನೇ ತೇಯ್ದು ತಾನೇ ಕುಡಿದು ಮಲಗುವವರನ್ನು ನಾನು ಕಂಡಿದ್ದು ಕಡಿಮೆ.

ಹರಳೆಣ್ಣೆಯೂ ಹಾಗೆಯೇ. ನೆತ್ತಿಗೆ ತಟ್ಟಿ, ಅಂಗಾಲಿಗೆ ತಿಕ್ಕಿ, ಬಿಸಿ ನೀರು ಹುಯ್ದು, ಸೀಗೆಪುಡಿಯಲ್ಲಿ ಉಜ್ಜಿದ ಮೇಲೆ ಬರುವ ನಿದ್ದೆಗೆ ಈಗ ಶರೀರಶಾಸ್ತ್ರದ ಬೆಂಬಲವೂ ಇದೆ. ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಕಾವು ತುಸು ಇಳಿಯಬೇಕು. ಅಂಗೈ ಅಂಗಾಲಿನ ರಕ್ತನಾಳಗಳು ಹಿಗ್ಗಿ, ಅಲ್ಲಿಂದ ಕಾವು ಹೊರಗೆ ಹೋದಾಗ ಅದು ಸಾಧ್ಯ. ಪಾದ ಬೆಚ್ಚಗಿದ್ದವರಿಗೆ ಬೇಗ ನಿದ್ದೆ ಹತ್ತುತ್ತದೆ ಎಂದು ಸ್ವಿಟ್ಜರ್ಲೆಂಡಿನ ಸಂಶೋಧಕರು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅಂಗಾಲು ತಿಕ್ಕುವುದಕ್ಕೆ ಅದೊಂದು ಒಳ್ಳೆಯ ಸಮರ್ಥನೆ. ಆದರೆ ತನ್ನ ನೆತ್ತಿಗೆ ತಾನೇ ಎಣ್ಣೆ ತಟ್ಟಿಕೊಳ್ಳುವುದಕ್ಕೂ ಅಮ್ಮನ ಕೈ ತಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ಯಾವ ರಕ್ತನಾಳದ ಮೇಲೆ ಹೊರಿಸುವುದು?

ಪಿರಿಯಾಪಟ್ಟಣದಿಂದ ಕೊಡಗಿನ ಕಡೆ ಹೊರಟರೆ ಬೈಲಕುಪ್ಪೆ. 1961ರ ಸುಮಾರಿಗೆ ಊರು ಕಳೆದುಕೊಂಡು ಬಂದ ಟಿಬೆಟನ್ನರು ಅಲ್ಲಿ ಕಾಡು ಕಡಿದು ಮುಸುಕಿನ ಜೋಳ ಹಾಕಿದರು, ಗೊಂಪಾಗಳನ್ನು ಕಟ್ಟಿದರು, ತಮ್ಮ ವೈದ್ಯವನ್ನೂ ತಂದರು. ಅವರ ಶಾಸ್ತ್ರದಲ್ಲಿ ನಿದ್ದೆಗೇಡು ವಾಯುವಿನ ದೋಷ. ಜಾಕಾಯಿಯನ್ನೂ ಶೀಮೆಜೀರಿಗೆಯನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿ ಎಳ್ಳೆಣ್ಣೆಯಲ್ಲಿ ಅದ್ದಿ, ನೆತ್ತಿ, ಅಂಗೈ, ಅಂಗಾಲಿಗೆ ಶಾಖ ಕೊಡುವ ಕ್ರಮ ಅವರಲ್ಲಿದೆ. ಸಾವಿರಾರು ಅಡಿ ಎತ್ತರದ ಹಿಮದ ನಾಡಿನಿಂದ ಬಂದವರ ಗಂಟಿನಲ್ಲೂ ನಮ್ಮ ಅಜ್ಜಿಯ ಜಾಕಾಯಿ! ಅದಕ್ಕಿಂತ ಮುಖ್ಯವಾದದ್ದು ಅವರ ಮೂಲಗ್ರಂಥ ವಾಯು ಕೆರಳಿದವರಿಗೆ ಹೇಳುವ ನಡವಳಿಕೆ. ಬೆಚ್ಚನೆಯ ಜಾಗ, ಮಂದ ಬೆಳಕು, ಜಿಡ್ಡಿನ ಬಿಸಿ ಆಹಾರ, ಮತ್ತು ಪ್ರೀತಿಯ ಗೆಳೆಯರ ಜೊತೆ. ಊರುಬಿಟ್ಟು ಬಂದವರಿಗೆ ಈ ಕೊನೆಯ ಮದ್ದು ಎಷ್ಟು ಸುಲಭ, ಎಷ್ಟು ಕಷ್ಟ ಎಂಬುದನ್ನು ಅವರೇ ಬಲ್ಲರು.

ಎಲ್ಲ ಕಡೆಯಿಂದಲೂ ದಾರಿ ಒಂದೇ ಕಡೆ ಬರುತ್ತಿದೆ. ಮಲಗುವುದೆಂದರೆ ಮೈಯನ್ನು ಕಾವಲಿಲ್ಲದೆ ಬಿಡುವುದು. ಎಚ್ಚರವನ್ನು ಯಾರಿಗಾದರೂ ಒಪ್ಪಿಸದೆ ಅದು ಆಗುವುದಿಲ್ಲ. ಹಾಲಿನ ಲೋಟ ಹಿಡಿದು ಬಂದವರು ಲೋಟದ ಜೊತೆಗೆ ಈ ಮಾತನ್ನೂ ತಂದಿರುತ್ತಾರೆ: ನಾನಿನ್ನೂ ಎದ್ದಿದ್ದೇನೆ, ಬಾಗಿಲು ಹಾಕುವವಳು ನಾನು, ದೀಪ ಆರಿಸುವವಳು ನಾನು. ತಾಂಜಾನಿಯಾದಲ್ಲಿ ಇಂದಿಗೂ ಬೇಟೆಯಾಡಿ, ಗೆಡ್ಡೆ ಗೆಣಸು ಕೀಳಿ ಬದುಕುವ ಹಾಡ್ಜಾ ಜನರ ನಿದ್ದೆಯನ್ನು ಅಳೆದ ಅಧ್ಯಯನವೊಂದು 2017ರಲ್ಲಿ ಬಂತು. 33 ಜನ, 20 ದಿನ. ಅಷ್ಟೂ ದಿನಗಳಲ್ಲಿ ಎಲ್ಲರೂ ಒಟ್ಟಿಗೆ ಗಾಢ ನಿದ್ದೆಯಲ್ಲಿದ್ದ ಹೊತ್ತು ಕೂಡಿಸಿದರೆ ಕೇವಲ 18 ನಿಮಿಷ. ಮುದುಕರು ಬೇಗ ಏಳುತ್ತಾರೆ, ಹರೆಯದವರು ತಡವಾಗಿ ಮಲಗುತ್ತಾರೆ. ಯಾರೂ ಪಾಳಿ ಹಾಕದೆಯೇ ಯಾರಾದರೊಬ್ಬರು ಸದಾ ಎಚ್ಚರ. ನಮ್ಮ ಮನೆಗಳಲ್ಲಿ ಮೂರೂವರೆಗೇ ಎದ್ದು ಕೆಮ್ಮುತ್ತಾ ಕೂರುವ ಅಜ್ಜನಿಗೆ ಕಾಯಿಲೆ ಎಂದು ಮಾತ್ರೆ ಬರೆಸುವ ಮೊದಲು ಇದನ್ನೊಮ್ಮೆ ನೆನೆಯಬಹುದು.

ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ರಾಗಿ ತೆನೆ ಬಲಿಯುತ್ತಿದ್ದಂತೆ ನಾಗರಹೊಳೆ ಕಡೆಯಿಂದ ಆನೆ ಇಳಿಯುತ್ತದೆ. ಮರದ ಮೇಲೆ ಅಟ್ಟಣೆ, ಕೆಳಗೆ ಬೆಂಕಿ, ಕೈಯಲ್ಲಿ ಪಟಾಕಿ. ಬೋಟ್ಸ್‌ವಾನಾದಲ್ಲಿ ಅಳೆದಾಗ ಕಾಡಾನೆ ದಿನಕ್ಕೆ ಸುಮಾರು ಎರಡು ಗಂಟೆಯಷ್ಟೇ ಮಲಗುವುದು ಕಂಡುಬಂದಿದೆ. ಅಂಥ ಪ್ರಾಣಿಯ ಜೊತೆ ಎಚ್ಚರದ ಪಂದ್ಯ ಕಟ್ಟಿದ ರೈತ ಗೆಲ್ಲುವುದು ಹೇಗೆ! ಕೆ.ಆರ್. ನಗರದ ಕಡೆ ನಾಲೆಯ ನೀರಿನ ಸರದಿ, ಎಲ್ಲ ಕಡೆ ತ್ರೀಫೇಸ್ ಕರೆಂಟಿನ ಹೊತ್ತು. ಒಂದೊಂದು ಊರಿಗೂ ಒಂದೊಂದು ಕಾವಲು.

ಆ ಕೆ.ಆರ್. ನಗರದ ಕಡೆಯೇ, ಕಾವೇರಿ ಧುಮುಕುವ ಚುಂಚನಕಟ್ಟೆಯಲ್ಲಿ, ಕೋದಂಡರಾಮನ ಗುಡಿ ಇದೆ. ಅಲ್ಲಿ ನಿಂತಾಗ ನನಗೆ ರಾಮನಿಗಿಂತ ಲಕ್ಷ್ಮಣನ ಯೋಚನೆಯೇ ಹೆಚ್ಚು. ಹದಿನಾಲ್ಕು ವರ್ಷ ಕಣ್ಣು ಮುಚ್ಚದೆ ಅಣ್ಣ ಅತ್ತಿಗೆಯನ್ನು ಕಾದನಂತೆ. ಅವನ ಪಾಲಿನ ನಿದ್ದೆಯನ್ನೆಲ್ಲ ಅಯೋಧ್ಯೆಯಲ್ಲಿ ಊರ್ಮಿಳೆ ಮಲಗಿ ತೀರಿಸಿದಳಂತೆ. ತೆಲುಗು ಹೆಣ್ಣುಮಕ್ಕಳು ಊರ್ಮಿಳೆಯ ಆ ನಿದ್ದೆಯನ್ನು ಹಾಡಾಗಿಯೇ ಹಾಡುತ್ತಾರೆ. ಒಬ್ಬರ ಎಚ್ಚರವನ್ನು ಇನ್ನೊಬ್ಬರ ನಿದ್ದೆಯ ಎದುರಿಗಿಟ್ಟು ತೂಗಿದ ಆ ಜನಪದದ ಬುದ್ಧಿಗೆ ಶರಣು. ಆದರೆ ಕಥೆಯಲ್ಲಿ ಹೆಣ್ಣು ಮಲಗಿ ಗಂಡು ಎದ್ದಿದ್ದಾನೆ. ನಮ್ಮ ಹಳ್ಳಿಯ ಲೆಕ್ಕ ತಿರುವುಮುರುವು.

ಬ್ಯಾರನ್ನಿನ ಮುಂದೆ ರಾತ್ರಿ ಕೂತ ಗಂಡಸಿಗೆ ಬೆಳಿಗ್ಗೆ ಎಂಟರ ತನಕವಾದರೂ ಜಗುಲಿ ಸಿಗುತ್ತದೆ. ಅವನಿಗೆ ರಾತ್ರಿ ಮುದ್ದೆ ಸಾರು ತಂದುಕೊಟ್ಟ ಹೆಂಡತಿ ಐದಕ್ಕೆಲ್ಲ ಕಸ ಗುಡಿಸಿ, ಹಾಲು ಕರೆದು, ಬೆಳಕು ಹರಿಯುವಷ್ಟರಲ್ಲಿ ಇಬ್ಬನಿಯಲ್ಲಿ ನೆಂದ ಸೊಪ್ಪಿನ ರಾಶಿಯ ಮುಂದೆ ಕಡ್ಡಿ ಹಿಡಿದು ಕೂತಿರುತ್ತಾಳೆ. “ನೀ ಮನಿಕ್ಕೊ” ಎಂದು ಅವಳಿಗೆ ಹೇಳುವವರಿಲ್ಲ. ಮಗ ಬೆಂಗಳೂರಿನಲ್ಲಿ, ಅತ್ತೆಯ ಅಂಗಾಲಿಗೆ ಎಣ್ಣೆ ತಿಕ್ಕಬೇಕಾದವಳೂ ಅವಳೇ. ಔಷಧಿ ಅಂಗಡಿಗಳಲ್ಲಿ ಈಗ ಮೆಲಟೋನಿನ್ ಸಿಗುತ್ತದೆ, ಡಬ್ಬಿ ಡಬ್ಬಿ ಅಶ್ವಗಂಧದ ಪುಡಿ ಸಿಗುತ್ತದೆ. ನಮ್ಮವರು ಹಿರೇಮದ್ದು ಎನ್ನುವ ಅಶ್ವಗಂಧ ಹೊಗೆಸೊಪ್ಪಿನ ಕುಟುಂಬದ್ದೇ ಗಿಡ. ನಿದ್ದೆ ಕೆಡಿಸುವುದೂ ನಿದ್ದೆ ಕೊಡುವುದೂ ದಾಯಾದಿಗಳು. ಇವೆಲ್ಲ ಒಬ್ಬೊಬ್ಬರೇ ನುಂಗಿ ಮಲಗಬಹುದಾದ ಮದ್ದುಗಳು, ಅದೇ ಅವುಗಳ ಅನುಕೂಲ. ಇನ್ನೊಬ್ಬರ ಕೈ ಸಿಗದವರಿಗೆ ಅವು ಬೇಕೂ ಆಗಬಹುದು, ಹಾಗಾಗಿ ನಾನು ಹಳಿಯುವುದಿಲ್ಲ.

ಆದರೆ ಅವಳ ವಿಷಯದಲ್ಲಿ ಇನ್ನೂ ಒಂದು ಲೆಕ್ಕ ಬಾಕಿ ಇದೆ. ಒದ್ದೆ ಸೊಪ್ಪನ್ನು ಬರಿಗೈಯಲ್ಲಿ ಹಿಡಿದರೆ ಅದರ ನಿಕೋಟಿನ್ ನೇರವಾಗಿ ಚರ್ಮದೊಳಕ್ಕೆ ಇಳಿಯುತ್ತದೆ. ತಲೆಸುತ್ತು, ವಾಕರಿಕೆ, ವಾಂತಿ, ಊಟ ಸೇರದಿರುವುದು, ರಾತ್ರಿ ಕಣ್ಣು ಹತ್ತದಿರುವುದು: ಹೊಗೆಸೊಪ್ಪಿನ ಕೆಲಸದವರಲ್ಲಿ ಇದು ಜಗತ್ತಿನ ಎಲ್ಲ ಕಡೆ ಗುರುತಿಸಿದ ಕಾಯಿಲೆ. ಬೀಡಿಯೊಂದನ್ನೂ ಸೇದದವಳ ಮೈಯಲ್ಲಿ ಎಬ್ಬಿಸಿ ಕೂರಿಸುವ ಪದಾರ್ಥ ಸಂಜೆಯ ತನಕ ಓಡಾಡುತ್ತಿರುತ್ತದೆ. ಅವಳಿಗೆ ಜಾಕಾಯಿ ಎಷ್ಟು ಸುತ್ತು ತೇಯಬೇಕು ಎಂದು ಕೇಳುವುದಕ್ಕಿಂತ ಮೊದಲು, ಇಬ್ಬನಿ ಆರಿದ ಮೇಲೆ ಸೊಪ್ಪು ಮುಟ್ಟಲಿ, ತುಂಬು ತೋಳಿನ ಅಂಗಿ ಹಾಕಿಕೊಳ್ಳಲಿ, ಕೆಲಸ ಮುಗಿದ ಕೂಡಲೇ ಸೋಪು ಹಚ್ಚಿ ಕೈ ತೊಳೆಯಲಿ ಎಂದು ನೋಡಿಕೊಳ್ಳಬೇಕು. ಸೌದೆಗೆ, ಗೊಬ್ಬರಕ್ಕೆ ಸಾಲ ತರುವ ಮನೆ ಅದೇ ಚೀಟಿಯಲ್ಲಿ ಅವಳಿಗೊಂದು ಜೊತೆ ಕೈಗವಸನ್ನೂ ಬರೆದುಕೊಳ್ಳಬಹುದು.